ಏಕಮುಖ ಕ್ರೂಸಿಗೆ ವಿಮಾನ ಟಿಕೆಟ್ ಕೊಡಿಸುವ ಸೇವೆಗಳು: ಒಂದು ವಿಮರ್ಶೆ

ಹತ್ತಿದ ಬಂದರಿಗೇ ತಂದು ಇಳಿಸುವ ಕ್ರೂಸಿಗೆ ವಿಮಾನ ಟಿಕೆಟ್ ಕೊಳ್ಳುವುದರಲ್ಲಿ ಹೆಚ್ಚಿನ ತೊಡಕೇನೂ ಇಲ್ಲ. ಒಂದು ಊರಿಗೆ ಹೋಗಿ ಅದೇ ಊರಿನಿಂದ ಮರಳುವ ಸಾಮಾನ್ಯ ರಿಟರ್ನ್ ಟಿಕೆಟ್ ಸಾಕಾಗುತ್ತದೆ. ಬಾರ್ಸಿಲೋನಾದಲ್ಲಿ ಹತ್ತಿಸಿಕೊಂಡು ಮಯಾಮಿಯಲ್ಲಿ ಇಳಿಸುವ, ವ್ಯಾಂಕೂವರಿನಲ್ಲಿ ಹತ್ತಿಸಿಕೊಂಡು ಅಲಾಸ್ಕಾದ ಸೂವರ್ಡಿನಲ್ಲಿ ಇಳಿಸುವ, ಅಥವಾ ಬ್ಯೂನಸ್ ಐರಿಸಿನಿಂದ ಹೊರಟು ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಚಿಲಿಯ ಸ್ಯಾನ್ ಆಂಟೋನಿಯೊದಲ್ಲಿ ಮುಗಿಯುವ ಏಕಮುಖ ಕ್ರೂಸುಗಳ ವಿಷಯ ಹಾಗಲ್ಲ. ಇಲ್ಲಿ ಹೋಗುವ ವಿಮಾನ ಒಂದು ನಗರಕ್ಕೆ, ಬರುವ ವಿಮಾನ ಇನ್ನೊಂದು ನಗರದಿಂದ, ಎಷ್ಟೋ ಸಲ ಇನ್ನೊಂದು ಖಂಡದಿಂದ. ಇಂಥ ಟಿಕೆಟ್ ಕೊಳ್ಳಲು ಪ್ರಯಾಣಿಕರ ಮುಂದಿರುವ ದಾರಿಗಳು ಮುಖ್ಯವಾಗಿ ನಾಲ್ಕು: ವಿಮಾನ ಸಂಸ್ಥೆಗಳ ಜಾಲತಾಣದಲ್ಲಿರುವ ಮಲ್ಟಿ-ಸಿಟಿ ಬುಕಿಂಗ್ (ಬೇರೆ ಬೇರೆ ನಗರಗಳ ಹಾರಾಟಗಳನ್ನು ಒಂದೇ ಟಿಕೆಟ್‌ನಲ್ಲಿ ಸೇರಿಸುವುದು), ಬೇರೆ ಬೇರೆಯಾಗಿ ಕೊಳ್ಳುವ ಎರಡು ಒನ್-ವೇ ಟಿಕೆಟ್‌ಗಳು, ಕ್ರೂಸ್ ಕಂಪನಿಗಳೇ ನಡೆಸುವ ವಿಮಾನ ಟಿಕೆಟ್ ಸೇವೆ ಮತ್ತು ಕ್ರೂಸ್ ವ್ಯವಹಾರ ಬಲ್ಲ ಟ್ರಾವೆಲ್ ಏಜೆಂಟ್. ಈ ನಾಲ್ಕನ್ನೂ ಬಳಸಿ ನೋಡಿದವನಾಗಿ ಹೇಳುವುದಾದರೆ, ಇವುಗಳನ್ನು ತೂಗಿನೋಡಬೇಕಾದದ್ದು ಮೊದಲ ಪರದೆಯಲ್ಲಿ ಕಾಣುವ ದರದಿಂದ ಅಲ್ಲ. ಹಡಗೋ ವಿಮಾನವೋ ಹೇಳಿದ ದಿನಕ್ಕೆ ಹೇಳಿದ ಜಾಗದಲ್ಲಿ ಇಲ್ಲದೆ ಹೋದಾಗ ಪ್ರಯಾಣಿಕನನ್ನು ದಡ ಸೇರಿಸುವ ಹೊಣೆ ಯಾರದು ಎಂಬುದರಿಂದ.

ಏಕಮುಖ ಕ್ರೂಸುಗಳು ಏಕೆ ಇವೆ ಎಂಬುದು ತಿಳಿದಿದ್ದರೆ ಟಿಕೆಟ್‌ನ ಸಮಸ್ಯೆಯೂ ಸ್ಪಷ್ಟವಾಗುತ್ತದೆ. ಚಳಿಗಾಲವನ್ನು ಕೆರಿಬಿಯನ್ನಿನಲ್ಲಿ ಕಳೆಯುವ ಅನೇಕ ಹಡಗುಗಳು ಏಪ್ರಿಲ್-ಮೇ ತಿಂಗಳಲ್ಲಿ ಅಟ್ಲಾಂಟಿಕ್ ದಾಟಿ ಯೂರೋಪಿಗೆ ಬರುತ್ತವೆ, ಅಕ್ಟೋಬರ್-ನವೆಂಬರಿನಲ್ಲಿ ಹಿಂದಿರುಗುತ್ತವೆ. ಹಡಗು ಖಾಲಿ ಹೋಗುವುದರ ಬದಲು ಪ್ರಯಾಣಿಕರನ್ನು ಕರೆದೊಯ್ಯಲಿ ಎಂಬ ಲೆಕ್ಕದಿಂದ ಈ ಸ್ಥಳಾಂತರದ ಯಾನಗಳಲ್ಲಿ ಒಂದು ರಾತ್ರಿಯ ಕ್ಯಾಬಿನ್ ದರ ಹಲವೊಮ್ಮೆ ಬಹಳ ಕಡಿಮೆ ಇರುತ್ತದೆ. ಆ ಕಡಿಮೆ ದರವನ್ನು ನೋಡಿ ಮರುಳಾದವರು ವಿಮಾನದ ಖರ್ಚನ್ನು ಕೂಡಿಸಿದಾಗ ಉಳಿತಾಯವೆಲ್ಲ ಕರಗಿಹೋಗುವುದುಂಟು. ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ವಿಮಾನ ಸಂಸ್ಥೆಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಆರಂಭವಾಗುತ್ತದೆ, ಚಳಿಗಾಲದ ವೇಳಾಪಟ್ಟಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಹಡಗುಗಳು ಸಾಗರ ಬದಲಿಸುವ ಕಾಲವೂ ಹೆಚ್ಚುಕಡಿಮೆ ಅದೇ. ಹೋಗುವಾಗ ಹಳೆಯ ವೇಳಾಪಟ್ಟಿ, ಬರುವಾಗ ಹೊಸದು ಎಂಬ ಸ್ಥಿತಿಯಲ್ಲಿ, ತಿಂಗಳುಗಳ ಮೊದಲು ಕೊಂಡ ನೇರ ವಿಮಾನ ಪ್ರಯಾಣದ ಹೊತ್ತಿಗೆ ಇಲ್ಲವಾಗುವ ಸಾಧ್ಯತೆ ಬೇರೆ ಸಮಯಕ್ಕಿಂತ ಹೆಚ್ಚು. ಆದ್ದರಿಂದಲೇ ಈ ಬಗೆಯ ಪ್ರಯಾಣಕ್ಕೆ ಟಿಕೆಟ್ ಬದಲಿಸಿಕೊಡುವ ಸೇವೆ ಹೇಗಿದೆ ಎಂಬುದಕ್ಕೆ ನಾನು ಇಷ್ಟು ಒತ್ತು ಕೊಡುತ್ತಿದ್ದೇನೆ.

ಮೊದಲು ದರದ ಒಳಗುಟ್ಟನ್ನು ನೋಡೋಣ. ದೂರದ ಮಾರ್ಗಗಳಲ್ಲಿ ಹಾರುವ ಹಲವು ಸಾಂಪ್ರದಾಯಿಕ ಸಂಸ್ಥೆಗಳು ಒನ್-ವೇ ಟಿಕೆಟ್‌ಗೆ ರಿಟರ್ನ್ ದರದ ಅರ್ಧಕ್ಕಿಂತ ಬಹಳ ಹೆಚ್ಚು ಕೇಳುತ್ತವೆ. ಕೆಲವು ಮಾರ್ಗಗಳಲ್ಲಿ ಒಂದು ಕಡೆಯ ಟಿಕೆಟ್ ಎರಡೂ ಕಡೆಯ ಟಿಕೆಟ್‌ಗಿಂತ ದುಬಾರಿಯಾಗಿರುವುದೂ ಇದೆ. ಎರಡೂ ವಿಮಾನಗಳನ್ನು ಒಂದೇ ಟಿಕೆಟ್‌ನಲ್ಲಿ ಹೆಣೆದರೆ ಲೆಕ್ಕ ಬದಲಾಗುತ್ತದೆ. ನಮ್ಮ ಊರಿನಿಂದ ಬಾರ್ಸಿಲೋನಾಕ್ಕೆ ಹೋಗಿಬರುವ ದರದ ಅರ್ಧ ಮತ್ತು ಮಯಾಮಿಗೆ ಹೋಗಿಬರುವ ದರದ ಅರ್ಧ, ಇವೆರಡನ್ನು ಕೂಡಿಸಿ ತೆರಿಗೆ ಸೇರಿಸಿದಷ್ಟು ದರಕ್ಕೆ ಟಿಕೆಟ್ ಸಿಗುವುದು ಸಾಮಾನ್ಯ. ಇದನ್ನು ವಿಮಾನಯಾನದವರು ಓಪನ್-ಜಾ ಟಿಕೆಟ್ ಎನ್ನುತ್ತಾರೆ. ದರ ಹೀಗೆ ಕೂಡಿಕೊಳ್ಳಬೇಕಾದರೆ ಎರಡೂ ಅರ್ಧಗಳ ನಿಯಮಗಳು ಒಂದಕ್ಕೊಂದು ಒಪ್ಪಬೇಕು. ಒಂದೇ ಸಂಸ್ಥೆ, ಅಥವಾ ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್, ಸ್ಕೈಟೀಮ್‌ನಂತಹ ಒಂದೇ ಕೂಟದೊಳಗಿನ ಪಾಲುದಾರ ಸಂಸ್ಥೆಗಳಾದರೆ ಇದು ಸುಲಭ. ಹೀಗಾಗಿ ಎರಡೂ ಬಂದರು ನಗರಗಳಿಗೆ ಒಳ್ಳೆಯ ಸಂಪರ್ಕವಿರುವ ಒಂದು ಕೂಟವನ್ನು ಹುಡುಕುವುದೇ ಮೊದಲ ಕೆಲಸ.

ಈ ದರದ ವ್ಯತ್ಯಾಸದಿಂದ ಪಾರಾಗಲು ಕೆಲವರು ಅಗ್ಗದ ರಿಟರ್ನ್ ಟಿಕೆಟ್ ಕೊಂಡು ಒಂದು ಭಾಗವನ್ನು ಮಾತ್ರ ಬಳಸುವ ಉಪಾಯ ಹೇಳುತ್ತಾರೆ. ಹೋಗುವ ಭಾಗವನ್ನು ಬಿಟ್ಟು ಬರುವ ಭಾಗವನ್ನಷ್ಟೇ ಬಳಸಲು ಹೊರಟರೆ ಅದು ನಡೆಯುವುದೇ ಇಲ್ಲ. ಮೊದಲ ವಿಮಾನ ಹತ್ತದವರ ಉಳಿದ ಪ್ರಯಾಣವನ್ನು ವಿಮಾನ ಸಂಸ್ಥೆಯ ವ್ಯವಸ್ಥೆ ತಾನಾಗಿಯೇ ರದ್ದು ಮಾಡಿಬಿಡುತ್ತದೆ. ಹಡಗಿನಿಂದ ಇಳಿದು ವಿಮಾನ ನಿಲ್ದಾಣಕ್ಕೆ ಬಂದ ಮೇಲೆ ಈ ವಿಷಯ ತಿಳಿಯುವುದಕ್ಕಿಂತ ಕಷ್ಟದ ಸ್ಥಿತಿ ಇನ್ನೊಂದಿಲ್ಲ. ಕೊನೆಯ ಭಾಗವನ್ನು ಬಿಟ್ಟುಬಿಡುವುದು ತಾಂತ್ರಿಕವಾಗಿ ಸಾಧ್ಯವಾದರೂ ಹಲವು ಸಂಸ್ಥೆಗಳ ನಿಯಮಗಳಿಗೆ ವಿರುದ್ಧ. ಈ ದಾರಿಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ವಿಮಾನ ಸಂಸ್ಥೆಗಳ ಸ್ವಂತ ಜಾಲತಾಣಗಳಲ್ಲಿರುವ ಮಲ್ಟಿ-ಸಿಟಿ ಪುಟವೇ ಈ ಕೆಲಸಕ್ಕೆ ಹೇಳಿಮಾಡಿಸಿದ ಸಾಧನ ಎಂಬುದು ನನ್ನ ಅಭಿಪ್ರಾಯ. ಮೊದಲ ಸಾಲಿನಲ್ಲಿ ಮನೆಯಿಂದ ಹಡಗು ಹತ್ತುವ ನಗರ, ಎರಡನೆಯ ಸಾಲಿನಲ್ಲಿ ಹಡಗು ಇಳಿಯುವ ನಗರದಿಂದ ಮನೆ ಎಂದು ತುಂಬಿದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ಟಿಕೆಟ್ ಒಂದೇ, ಪಿಎನ್‌ಆರ್ ಒಂದೇ, ಲಗೇಜಿನ ಮಿತಿಯೂ ಸಾಮಾನ್ಯವಾಗಿ ಎರಡೂ ಕಡೆಗೆ ಒಂದೇ. ವೇಳಾಪಟ್ಟಿ ಬದಲಾದರೆ ಬೇರೆ ವಿಮಾನಕ್ಕೆ ಹಾಕಿಕೊಡುವ ಹೊಣೆ ಆ ಸಂಸ್ಥೆಯದೇ. ನಡುವೆ ಇನ್ನೊಬ್ಬ ಮಾರಾಟಗಾರ ಇರುವುದಿಲ್ಲವಾದ್ದರಿಂದ ಒಬ್ಬರು ಇನ್ನೊಬ್ಬರ ಕಡೆಗೆ ಕೈತೋರಿಸುವ ಅವಕಾಶವೂ ಇರುವುದಿಲ್ಲ. ಆದರೆ ಈ ಪುಟಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಕೆಲವು ಸಂಸ್ಥೆಗಳ ಪುಟ ಪಾಲುದಾರ ಸಂಸ್ಥೆಯ ವಿಮಾನಗಳನ್ನು ತೋರಿಸುವುದೇ ಇಲ್ಲ. ಕೆಲವು ಕಡೆ ಎರಡೂ ಭಾಗ ಆಯ್ಕೆ ಮಾಡಿ ಹಣ ಕಟ್ಟುವ ಹಂತಕ್ಕೆ ಬಂದಾಗ ದೋಷ ತೋರಿಸಿ ಮೊದಲಿಗೆ ತಳ್ಳಿಬಿಡುತ್ತದೆ. ಅಂಥ ಸಂದರ್ಭದಲ್ಲಿ ಸಂಸ್ಥೆಗೆ ಕರೆ ಮಾಡಿ ಅದೇ ವಿಮಾನಗಳ ಸಂಖ್ಯೆ ಹೇಳಿದರೆ ಟಿಕೆಟ್ ಆಗುತ್ತದೆ, ಕೆಲವೊಮ್ಮೆ ಸೇವಾ ಶುಲ್ಕದೊಂದಿಗೆ. ಜಾಲತಾಣ ಕೈಕೊಟ್ಟದ್ದೇ ಕಾರಣವೆಂದು ವಿವರಿಸಿ ಆ ಶುಲ್ಕ ಬಿಡುವಂತೆ ಕೇಳಿಕೊಳ್ಳಬಹುದು.

ಕೊಳ್ಳುವುದು ಸಂಸ್ಥೆಯ ತಾಣದಲ್ಲೇ ಆದರೂ ಹುಡುಕುವ ಕೆಲಸಕ್ಕೆ ಬೇರೆ ಸಾಧನ ಬೇಕು. ಗೂಗಲ್ ಫ್ಲೈಟ್ಸ್‌ನ ಮಲ್ಟಿ-ಸಿಟಿ ಆಯ್ಕೆ ಬಹಳ ವೇಗವಾಗಿದೆ. ಒಂದೇ ಖಾನೆಯಲ್ಲಿ ಅಕ್ಕಪಕ್ಕದ ಹಲವು ವಿಮಾನ ನಿಲ್ದಾಣಗಳನ್ನು ಸೇರಿಸಬಹುದಾದ್ದರಿಂದ ಮಯಾಮಿಗೂ ಫೋರ್ಟ್ ಲಾಡರ್‌ಡೇಲಿಗೂ ಇರುವ ದರದ ವ್ಯತ್ಯಾಸ ಒಂದೇ ನೋಟಕ್ಕೆ ಸಿಗುತ್ತದೆ. ಇದಕ್ಕಿಂತ ಆಳಕ್ಕೆ ಇಳಿಯಬೇಕೆನ್ನುವವರಿಗೆ ಐಟಿಎ ಮ್ಯಾಟ್ರಿಕ್ಸ್ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿಗಳು 1996ರಲ್ಲಿ ಕಟ್ಟಿದ ಐಟಿಎ ಸಾಫ್ಟ್‌ವೇರ್ ಕಂಪನಿಯ ಈ ಸಾಧನ, 2011ರಲ್ಲಿ ಆ ಕಂಪನಿ ಗೂಗಲ್ ಪಾಲಾದ ನಂತರವೂ ಉಳಿದುಕೊಂಡಿದೆ. ಅದು ಟಿಕೆಟ್ ಮಾರುವುದಿಲ್ಲ. ಬದಲಿಗೆ ದರ ಯಾವ ಯಾವ ಭಾಗಗಳಿಂದ ಕೂಡಿದೆ, ತೆರಿಗೆ ಎಷ್ಟು, ಆ ದರದ ನಿಯಮಗಳೇನು ಎಂಬುದನ್ನು ಬಿಡಿಸಿ ತೋರಿಸುತ್ತದೆ. ಮಲ್ಟಿ-ಸಿಟಿ ಟಿಕೆಟ್ ಅನಿರೀಕ್ಷಿತವಾಗಿ ದುಬಾರಿಯಾಗಿ ಕಂಡಾಗ, ಯಾವ ಭಾಗ ಅದನ್ನು ಮೇಲೆಳೆಯುತ್ತಿದೆ ಎಂದು ತಿಳಿಯಲು ಇದರಷ್ಟು ಪ್ರಾಮಾಣಿಕ ಸಾಧನವನ್ನು ನಾನು ಕಂಡಿಲ್ಲ. ಅದರ ಪರದೆ ಹೊಸಬರಿಗೆ ಒರಟೆನಿಸಬಹುದು, ಆದರೂ ಕಲಿಯಲು ಕೊಟ್ಟ ಸಮಯ ವ್ಯರ್ಥವಾಗುವುದಿಲ್ಲ.

ಎರಡು ಒನ್-ವೇ ಟಿಕೆಟ್‌ಗಳ ದಾರಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕಡಿಮೆ ದರದ ಸಂಸ್ಥೆಗಳು ಪ್ರತಿ ಹಾರಾಟಕ್ಕೂ ಪ್ರತ್ಯೇಕ ದರ ಇಡುವುದರಿಂದ, ಯೂರೋಪಿನೊಳಗೋ ಉತ್ತರ ಅಮೆರಿಕದೊಳಗೋ ವಾಸವಿದ್ದು ಹತ್ತಿರದ ಬಂದರಿನಿಂದ ಹೊರಡುವವರಿಗೆ ಇದೇ ಅಗ್ಗವೂ ಸರಳವೂ ಆಗಿರಬಹುದು. ಪದೇ ಪದೇ ಹಾರುವವರಿಗೆ ವಿಮಾನ ಸಂಸ್ಥೆಗಳು ಅಂಕಗಳಂತೆ ಕೊಡುವ ಮೈಲಿಗಳನ್ನು ಕೂಡಿಟ್ಟವರಿಗೂ ಇದು ಒಳ್ಳೆಯದು. ಅನೇಕ ಮೈಲೇಜ್ ಯೋಜನೆಗಳಲ್ಲಿ ಒನ್-ವೇ ಟಿಕೆಟ್‌ಗೆ ಸರಿಯಾಗಿ ಅರ್ಧದಷ್ಟೇ ಮೈಲಿ ಬೇಕಾಗುತ್ತದೆ, ಹಾಗಾಗಿ ಒಂದು ಕಡೆಗೆ ಮೈಲಿ, ಇನ್ನೊಂದು ಕಡೆಗೆ ಹಣ ಎಂದು ಹಂಚಿಕೊಳ್ಳಬಹುದು. ತೊಂದರೆ ಇರುವುದು ಬೇರೆ ಕಡೆ. ಎರಡು ಸಂಸ್ಥೆಗಳ ಲಗೇಜ್ ನಿಯಮ ಎರಡು ಬಗೆ. ಎರಡು ವಾರದ ಸಮುದ್ರಯಾನಕ್ಕೆ ಬೇಕಾದ ಬಟ್ಟೆಬರೆಗಳಿಗೆ ಹಡಗಿನಲ್ಲಿ ಅಡ್ಡಿಯಿಲ್ಲ, ಆದರೆ ಹೋಗುವಾಗ ಒಪ್ಪಿದ ಎರಡನೆಯ ಪೆಟ್ಟಿಗೆಗೆ ಬರುವಾಗ ದುಬಾರಿ ಶುಲ್ಕ ತೆರಬೇಕಾಗಬಹುದು. ಒಂದು ಕಡೆಯ ಟಿಕೆಟ್ ಮಾತ್ರ ಹಿಡಿದು ಚೆಕ್-ಇನ್‌ಗೆ ಹೋದವರನ್ನು, ಆ ದೇಶದಿಂದ ಹೊರಹೋಗುವುದಕ್ಕೆ ಆಧಾರವೇನೆಂದು ಸಿಬ್ಬಂದಿ ಕೇಳುವುದು ಸಹಜ. ಅವರು ನೋಡುವುದು ವಿಮಾನ ಸಂಸ್ಥೆಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯಾಟಾ ನಿರ್ವಹಿಸುವ, ಯಾವ ದೇಶಕ್ಕೆ ಯಾವ ದಾಖಲೆ ಬೇಕೆಂದು ಹೇಳುವ ಟಿಮ್ಯಾಟಿಕ್ ಮಾಹಿತಿಯನ್ನು. ಅಲ್ಲಿ ಮುಂದಿನ ಪ್ರಯಾಣದ ಪುರಾವೆ ಬೇಕೆಂದಿದ್ದರೆ ಬೇಕೇ ಬೇಕು. ಕ್ರೂಸ್ ಬುಕಿಂಗ್‌ನ ಮತ್ತು ಮರಳುವ ವಿಮಾನದ ಟಿಕೆಟ್‌ನ ಮುದ್ರಿತ ಪ್ರತಿ ಕೈಯಲ್ಲಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಒಂದು ಕಡೆಯ ಪ್ರಯಾಣವನ್ನೇ ಮತ್ತೆ ಎರಡು ತುಂಡಾಗಿ, ಬೇರೆ ಬೇರೆ ಟಿಕೆಟ್‌ಗಳಲ್ಲಿ ಕೊಳ್ಳುವುದು ಇದಕ್ಕಿಂತಲೂ ಅಪಾಯದ್ದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇಲ್ಲ, ಹಡಗಂತೂ ಕಾಯುವುದಿಲ್ಲ. ಹಡಗಿನ ಕಡೆಗೆ ಹೋಗುವ ದಿಕ್ಕಿನಲ್ಲಿ ಹೀಗೆ ಮಾಡಲೇಬಾರದು; ಮನೆಯ ಕಡೆಗೆ ಬರುವ ದಿಕ್ಕಿನಲ್ಲಿ, ನಡುವೆ ಒಂದು ರಾತ್ರಿ ತಂಗುವುದಾದರೆ, ಮಾಡಬಹುದು.

ಇನ್ನು ಕ್ರೂಸ್ ಕಂಪನಿಗಳ ವಿಮಾನ ಸೇವೆಗೆ ಬರುತ್ತೇನೆ. ಪ್ರಿನ್ಸೆಸ್‌ನ ಈಝಿಏರ್, ಹಾಲೆಂಡ್ ಅಮೆರಿಕ ಲೈನ್‌ನ ಫ್ಲೈಟ್ ಈಸ್, ರಾಯಲ್ ಕೆರಿಬಿಯನ್‌ನ ಏರ್‌ಟುಸೀ ಇವು ಈ ಬಗೆಯ ಸೇವೆಗಳಲ್ಲಿ ಹೆಸರಾದವು. ಎಲ್ಲ ದೇಶಗಳ ಪ್ರಯಾಣಿಕರಿಗೂ ಇವು ಒಂದೇ ರೀತಿ ದೊರೆಯುವುದಿಲ್ಲ, ಹಾಗಾಗಿ ತಮ್ಮ ದೇಶದಿಂದ ಬುಕ್ ಮಾಡುವವರಿಗೆ ಸೇವೆ ಇದೆಯೇ ಎಂದು ಮೊದಲು ಕೇಳಿಕೊಳ್ಳಬೇಕು. ಇವು ವಿಮಾನ ಸಂಸ್ಥೆಗಳೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡ ದರದಲ್ಲಿ ಟಿಕೆಟ್ ಕೊಡುವುದರಿಂದ, ಹೋಗುವ ಊರು ಒಂದು, ಬರುವ ಊರು ಇನ್ನೊಂದು ಎಂಬ ಕಾರಣಕ್ಕೆ ದರ ಜಿಗಿಯುವುದು ಕಡಿಮೆ. ಸಾರ್ವಜನಿಕ ದರಪಟ್ಟಿಯಲ್ಲಿ ಒನ್-ವೇ ಟಿಕೆಟ್ ವಿಪರೀತ ದುಬಾರಿಯಾಗಿರುವ ಅಟ್ಲಾಂಟಿಕ್ ಮಾರ್ಗಗಳಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಬಂದರಿನಲ್ಲಿ ಹಡಗು ಹೊರಡುವ ಮತ್ತು ಬಂದು ಸೇರುವ ಹೊತ್ತು ಅವರಿಗೆ ಗೊತ್ತಿರುವುದರಿಂದ, ಹಡಗು ಹೊರಟ ಮೇಲೆ ಇಳಿಯುವ ವಿಮಾನವನ್ನು ಆಯ್ಕೆ ಮಾಡಲು ಅವರ ವ್ಯವಸ್ಥೆ ಬಿಡುವುದೂ ಇಲ್ಲ. ಬದಲಾಯಿಸಬಹುದಾದ ದರದ ಟಿಕೆಟ್ ಆರಿಸಿಕೊಂಡರೆ ಕ್ರೂಸಿನ ಪೂರ್ತಿ ಹಣ ಕಟ್ಟುವವರೆಗೆ ದಂಡವಿಲ್ಲದೆ ವಿಮಾನ ಬದಲಿಸುವ ಅವಕಾಶವನ್ನು ಹಲವು ಕಂಪನಿಗಳು ಕೊಡುತ್ತವೆ. ಮೊದಲು ಒಂದನ್ನು ಹಿಡಿದಿಟ್ಟುಕೊಂಡು ದರ ಇಳಿದಾಗ ಮತ್ತೊಂದಕ್ಕೆ ಹೋಗುವವರಿಗೆ ಇದು ನಿಜವಾದ ಸೌಲಭ್ಯ.

ಈ ಸೇವೆಯ ದೊಡ್ಡ ಆಕರ್ಷಣೆ ಎಂದರೆ ವಿಮಾನ ತಡವಾದಾಗ ಸಿಗುವ ನೆರವು. ಹಡಗು ತಪ್ಪಿದರೆ ಮುಂದಿನ ಬಂದರಿಗೆ ತಲುಪಿಸಲು ಕಂಪನಿಯ ತಂಡ ಕೆಲಸ ಮಾಡುತ್ತದೆ. ಆದರೆ ಹಡಗು ಕಾದೇ ಕಾಯುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ, ಮತ್ತು ಏಕಮುಖ ಯಾನಗಳಲ್ಲಿ ಮುಂದಿನ ಬಂದರು ಎಂಬುದೇ ಕೆಲವೊಮ್ಮೆ ಒಂದು ವಾರದಷ್ಟು ದೂರವಿರುತ್ತದೆ. ಕಾನೂನೂ ಅಡ್ಡ ಬರಬಹುದು. ಅಮೆರಿಕದ 1886ರ ಪ್ರಯಾಣಿಕ ಹಡಗು ಸೇವಾ ಕಾಯ್ದೆಯ ಪ್ರಕಾರ ವಿದೇಶಿ ಧ್ವಜದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ ಹಡಗು, ದೂರದ ವಿದೇಶಿ ಬಂದರೊಂದನ್ನು ಮುಟ್ಟದೆ, ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು ಇನ್ನೊಂದು ಅಮೆರಿಕದ ಬಂದರಿನಲ್ಲಿ ಇಳಿಸುವಂತಿಲ್ಲ. ಅಲಾಸ್ಕಾದ ಏಕಮುಖ ಕ್ರೂಸುಗಳು ಕೆನಡಾದ ವ್ಯಾಂಕೂವರನ್ನು ಒಂದು ತುದಿಯಾಗಿ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ವ್ಯಾಂಕೂವರಿನಲ್ಲಿ ಹಡಗು ತಪ್ಪಿದವರು ವಿಮಾನದಲ್ಲಿ ಅಲಾಸ್ಕಾದ ಕೆಚಿಕಾನ್‌ಗೋ ಜೂನೋಗೋ ಹೋಗಿ ಅಲ್ಲಿ ಹತ್ತಿಕೊಂಡು ಸೂವರ್ಡಿನಲ್ಲಿ ಇಳಿಯೋಣವೆಂದರೆ, ಅದು ಅಮೆರಿಕದ ಬಂದರಿನಿಂದ ಅಮೆರಿಕದ ಬಂದರಿಗೆ ಮಾಡಿದ ಪ್ರಯಾಣವಾಗಿ ಈ ಕಾಯ್ದೆಗೆ ಅಡ್ಡಬರುತ್ತದೆ. ಹೋಗಿಬರುವ ಕ್ರೂಸಿನಲ್ಲಿ ಸುಲಭವಾಗಿ ಬಗೆಹರಿಯುವ ತೊಂದರೆ ಏಕಮುಖ ಕ್ರೂಸಿನಲ್ಲಿ ಬಗೆಹರಿಯದೇ ಉಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಹಾಗಾಗಿ ಯಾರಿಂದಲೇ ಟಿಕೆಟ್ ಕೊಂಡರೂ ಹಡಗು ಹೊರಡುವ ಹಿಂದಿನ ದಿನವೇ ಆ ನಗರ ಸೇರಬೇಕು. ಖಂಡ ದಾಟಿ ಬರುವವರು ಎರಡು ದಿನ ಮೊದಲೇ ಬಂದರೂ ಹೆಚ್ಚಲ್ಲ.

ಕಂಪನಿಯ ವಿಮಾನ ಸೇವೆಯ ಕೊರತೆಗಳನ್ನೂ ಹೇಳಬೇಕು. ಬುಕ್ ಮಾಡಿದ ದಿನವೇ ವಿಮಾನ ಸಂಸ್ಥೆಯ ಟಿಕೆಟ್ ಕೈಗೆ ಬರುವುದು ಖಚಿತವಿಲ್ಲ. ಬದಲಾಯಿಸಬಹುದಾದ ದರವಾದರೆ ಪ್ರಯಾಣ ಹತ್ತಿರವಾದ ಮೇಲೆ ಟಿಕೆಟ್ ನೀಡುವುದು ವಾಡಿಕೆ, ಅಲ್ಲಿಯವರೆಗೆ ಸೀಟು ಆರಿಸುವುದು ಕಷ್ಟ. ಒಪ್ಪಂದದ ದರಕ್ಕೆ ಮೈಲಿಗಳು ಕಡಿಮೆ ಸೇರುವುದುಂಟು. ವಿಮಾನದಲ್ಲೇನಾದರೂ ಬದಲಾವಣೆ ಬೇಕಾದರೆ ವಿಮಾನ ಸಂಸ್ಥೆ ಕ್ರೂಸ್ ಕಂಪನಿಯನ್ನು ಕೇಳಿ ಎನ್ನುತ್ತದೆ. ಇಂಥದೊಂದು ಸೇವೆಯ ಮೂಲಕ ಕೊಂಡ ಟಿಕೆಟ್‌ನ ಮರಳುವ ವಿಮಾನವನ್ನು ಸಂಸ್ಥೆ ಹಿಂದಿನ ಸಂಜೆಗೆ ಬದಲಾಯಿಸಿದಾಗ, ಅಂದರೆ ಹಡಗು ಇನ್ನೂ ಸಮುದ್ರದಲ್ಲಿರುವ ಹೊತ್ತಿಗೆ ಬದಲಾಯಿಸಿದಾಗ, ಆ ಪ್ರಮಾದವನ್ನು ಗುರುತಿಸಿ ಹೇಳಬೇಕಾದವನು ನಾನೇ ಆಗಿದ್ದೆ. ಹೇಳಿದ ಮೇಲೆ ಸರಿಪಡಿಸಿದರು ಎಂಬುದನ್ನೂ ಸೇರಿಸುತ್ತೇನೆ. ಯಾರೋ ನೋಡಿಕೊಳ್ಳುತ್ತಾರೆ ಎಂದು ಸುಮ್ಮನಿರುವುದಕ್ಕೆ ಈ ಸೇವೆಯಲ್ಲಿಯೂ ಅವಕಾಶವಿಲ್ಲ.

ಟ್ರಾವೆಲ್ ಏಜೆಂಟರ ವಿಷಯದಲ್ಲಿ ನನ್ನ ಮಾತು ಚಿಕ್ಕದು. ಕ್ರೂಸ್ ಮತ್ತು ವಿಮಾನ ಎರಡನ್ನೂ ಒಬ್ಬರೇ ಬುಕ್ ಮಾಡಿ, ಎರಡರ ದಿನಾಂಕಗಳನ್ನೂ ಒಟ್ಟಿಗೆ ಇಟ್ಟು ನೋಡುವ ಅನುಭವಿ ಏಜೆಂಟ್ ಸಿಕ್ಕರೆ ಕೊಟ್ಟ ಶುಲ್ಕ ಸಾರ್ಥಕ. ಯೂರೋಪಿನ ಒಕ್ಕೂಟದಲ್ಲಿ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನ 2018ರ ಜುಲೈನಿಂದ ಅನ್ವಯವಾಗುತ್ತಿದೆ. ಅದರಂತೆ ವಿಮಾನ ಮತ್ತು ಕ್ರೂಸನ್ನು ಒಂದೇ ಪ್ಯಾಕೇಜಾಗಿ ಮಾರಿದವರು ಇಡೀ ಪ್ರವಾಸಕ್ಕೆ ಹೊಣೆಗಾರರು. ಬ್ರಿಟನ್ನಿನಲ್ಲಿ ವಿಮಾನ ಒಳಗೊಂಡ ಪ್ಯಾಕೇಜುಗಳಿಗೆ, ಮಾರಿದ ಕಂಪನಿ ಮುಳುಗಿದರೆ ಪ್ರಯಾಣಿಕರ ಹಣ ಕಾಯುವ ಅಟಾಲ್ ಯೋಜನೆಯ ರಕ್ಷಣೆ ಇದೆ. ಇಂಥ ಕಾನೂನು ಇರುವ ಕಡೆ ಪ್ಯಾಕೇಜಾಗಿ ಕೊಂಡದ್ದಕ್ಕೂ ಬಿಡಿಬಿಡಿಯಾಗಿ ಕೊಂಡದ್ದಕ್ಕೂ ಅಜಗಜಾಂತರ. ಕ್ರೂಸ್ ರದ್ದಾದರೆ ಬಿಡಿಯಾಗಿ ಕೊಂಡವರಿಗೆ ಕ್ಯಾಬಿನ್ನಿನ ಹಣ ಮರಳುತ್ತದೆ, ವಿಮಾನದ ಟಿಕೆಟ್ ಕೈಯಲ್ಲೇ ಉಳಿಯುತ್ತದೆ.

ಬಂದರುಗಳ ವಿಷಯಕ್ಕೆ ಬರೋಣ, ಏಕೆಂದರೆ ಯಾವ ಬುಕಿಂಗ್ ಸಾಧನವೂ ಇದನ್ನು ನಮಗಾಗಿ ಯೋಚಿಸುವುದಿಲ್ಲ. ಕ್ರೂಸ್ ಕಂಪನಿಗಳ ಪಟ್ಟಿಯಲ್ಲಿ ರೋಮ್ ಎಂದಿದ್ದರೆ ಹಡಗು ನಿಲ್ಲುವುದು ನಗರದಿಂದ ಸುಮಾರು 70 ಕಿ.ಮೀ. ದೂರದ ಚಿವಿಟಾವೆಕ್ಕಿಯಾದಲ್ಲಿ. ಲಂಡನ್ ಎಂದರೆ ಹೆಚ್ಚಾಗಿ ಸೌತಾಂಪ್ಟನ್. ಹೀಥ್ರೂ ನಿಲ್ದಾಣದಿಂದ ಅದು ನೂರು ಕಿ.ಮೀ.ಗೂ ದೂರ. ಸ್ಯಾಂಟಿಯಾಗೊ ಎಂದರೆ ಸ್ಯಾನ್ ಆಂಟೋನಿಯೊ ಅಥವಾ ವಾಲ್ಪರೈಸೊ, ಎರಡೂ ರಾಜಧಾನಿಯಿಂದ ನೂರು ಕಿ.ಮೀ. ಆಚೆ. ವೆನಿಸ್ ಎಂದಿರುವಾಗ ಇನ್ನಷ್ಟು ಎಚ್ಚರ ಬೇಕು. 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳು ನಗರದೊಳಗಿನ ಜುದೆಕ್ಕಾ ಕಾಲುವೆಯನ್ನು ಪ್ರವೇಶಿಸುವುದನ್ನು ಇಟಲಿ ಸರ್ಕಾರ ನಿಷೇಧಿಸಿದ ಮೇಲೆ, ವೆನಿಸ್ ಎಂದು ಕರೆಯಲಾಗುವ ಅನೇಕ ಯಾನಗಳು ಟ್ರಿಯೆಸ್ಟೆ ಅಥವಾ ರವೆನ್ನಾದಲ್ಲಿ ಮುಗಿಯುತ್ತವೆ. ರವೆನ್ನಾದಿಂದ ವೆನಿಸ್ ಸುಮಾರು 150 ಕಿ.ಮೀ. ದೂರವಾದರೆ ಬೊಲೊನ್ಯ ಅದಕ್ಕಿಂತ ಎಷ್ಟೋ ಹತ್ತಿರ. ಮರಳುವ ವಿಮಾನವನ್ನು ಬೊಲೊನ್ಯದಿಂದ ಹಿಡಿದರೆ ಅರ್ಧ ದಿನದ ದಣಿವು ತಪ್ಪುತ್ತದೆ. ಫ್ಲಾರಿಡಾದಲ್ಲಿ ಇಳಿಯುವವರು ಅದೃಷ್ಟವಂತರು. ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೂ ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣಕ್ಕೂ ಇರುವುದು ಕೆಲವೇ ಕಿ.ಮೀ.

ಅಲಾಸ್ಕಾದ ತುದಿ ಇದಕ್ಕೆ ತದ್ವಿರುದ್ಧ. ಸೂವರ್ಡಿನಿಂದ ಆಂಕರೇಜ್ ವಿಮಾನ ನಿಲ್ದಾಣಕ್ಕೆ ಸುಮಾರು 200 ಕಿ.ಮೀ., ಅಲ್ಲಿನ ಇನ್ನೊಂದು ಬಂದರಾದ ವಿಟಿಯರಿನಿಂದ ಸುಮಾರು 100 ಕಿ.ಮೀ. ವಿಟಿಯರಿನಿಂದ ಹೊರಬರುವ ಒಂದೇ ರಸ್ತೆ ಸುಮಾರು 4 ಕಿ.ಮೀ. ಉದ್ದದ ಸುರಂಗವೊಂದರ ಮೂಲಕ ಹಾದುಹೋಗುತ್ತದೆ. ಅದರಲ್ಲಿರುವುದು ಒಂದೇ ಪಥ, ಅದನ್ನೇ ರೈಲೂ ವಾಹನಗಳೂ ಹಂಚಿಕೊಳ್ಳುತ್ತವೆ. ಎರಡು ದಿಕ್ಕಿನ ವಾಹನಗಳನ್ನು ಸರದಿಯ ಮೇಲೆ ಬಿಡುವುದರಿಂದ ಒಂದು ಸರದಿ ತಪ್ಪಿದರೆ ಕಾಯಲೇಬೇಕು. ಬಂದರಿಗೂ ಆಂಕರೇಜಿಗೂ ನಡುವೆ ಓಡುವ ರೈಲು ಮತ್ತು ಬಸ್ಸುಗಳ ವೇಳೆ ನೋಡದೆ ಇಲ್ಲಿ ವಿಮಾನ ಕೊಳ್ಳುವುದು ಸರಿಯಲ್ಲ. ಕ್ರೂಸ್ ಕಂಪನಿಯ ವಿಮಾನ ಸೇವೆ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ, ಏಕೆಂದರೆ ಬಂದರಿನಿಂದ ನಿಲ್ದಾಣದವರೆಗಿನ ಸಾರಿಗೆಯನ್ನೂ ವಿಮಾನದ ವೇಳೆಗೆ ಹೊಂದಿಸಿ ಅವರೇ ಮಾರುತ್ತಾರೆ.

ಹೊತ್ತಿನ ಲೆಕ್ಕದಲ್ಲಿ ಎರಡು ತುದಿಗಳೂ ಸಮಾನವಲ್ಲ. ಹತ್ತುವ ತುದಿಯಲ್ಲಿ, ಹಡಗು ಹೊರಡುವುದಕ್ಕೆ ಒಂದು ಗಂಟೆಯಿಂದ ಒಂದೂವರೆ ಗಂಟೆ ಮೊದಲೇ ಬಾಗಿಲು ಮುಚ್ಚುತ್ತದೆ. ಅಮೆರಿಕದ ಬಂದರುಗಳಲ್ಲಿ ಪ್ರಯಾಣಿಕರ ಪಟ್ಟಿ ಹೊರಡುವ 60 ನಿಮಿಷ ಮೊದಲು ಅಧಿಕಾರಿಗಳಿಗೆ ತಲುಪಿರಬೇಕಾದ್ದರಿಂದ ಇದರಲ್ಲಿ ವಿನಾಯಿತಿಯ ಪ್ರಶ್ನೆ ಬರುವುದಿಲ್ಲ. ಇಳಿಯುವ ತುದಿಯಲ್ಲಿ, ಬೆಳಗಿನ ಹೊತ್ತಿಗೆ ಹಡಗು ದಡ ಸೇರಿದರೂ ಇಳಿಯುವ ಸರದಿ, ಲಗೇಜ್, ವಲಸೆ ತಪಾಸಣೆ ಮುಗಿದು ನಿಲ್ದಾಣ ಸೇರುವಾಗ ಮಧ್ಯಾಹ್ನವಾಗುವುದು ಅಪರೂಪವಲ್ಲ. ಬಂದರಿನ ಪಕ್ಕದಲ್ಲೇ ನಿಲ್ದಾಣವಿದ್ದರೂ ಮಧ್ಯಾಹ್ನ 12ಕ್ಕಿಂತ ಮೊದಲು ಹೊರಡುವ ವಿಮಾನ ಬೇಡ, ದೂರವಿದ್ದರೆ ಸಂಜೆಯದೋ ಮರುದಿನದ್ದೋ ಆಗಲಿ. ಪೆಸಿಫಿಕ್ ದಾಟುವ ಯಾನಗಳಲ್ಲಿ ಅಂತಾರಾಷ್ಟ್ರೀಯ ದಿನರೇಖೆಯೂ ಬರುತ್ತದೆ. ವ್ಯಾಂಕೂವರಿನಿಂದ ಯೋಕೋಹಾಮಾಕ್ಕೆ ಹೋಗುವಾಗ ಪಂಚಾಂಗದ ಒಂದು ದಿನ ಮಾಯವಾಗುತ್ತದೆ, ಎದುರು ದಿಕ್ಕಿನಲ್ಲಿ ಒಂದೇ ದಿನಾಂಕ ಎರಡು ಸಲ ಬರುತ್ತದೆ. ರಾತ್ರಿಗಳನ್ನು ಎಣಿಸಿ ಮರಳುವ ದಿನಾಂಕ ಲೆಕ್ಕ ಹಾಕಬಾರದು. ಕ್ರೂಸ್ ಕಂಪನಿ ಮುದ್ರಿಸಿರುವ ಆಗಮನದ ದಿನಾಂಕವನ್ನೇ ಮಲ್ಟಿ-ಸಿಟಿಯ ಎರಡನೆಯ ಸಾಲಿನಲ್ಲಿ ತುಂಬಬೇಕು.

ವೀಸಾದ ಪ್ರಶ್ನೆ ಕೆಲವರಿಗೆ ಎಲ್ಲಕ್ಕಿಂತ ದೊಡ್ಡದು. ಅಗ್ಗದ ದರ ತೋರಿಸುವ ಸಾಧನಗಳಿಗೆ ಪ್ರಯಾಣಿಕನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಗೊತ್ತಿರುವುದಿಲ್ಲ. ಅಮೆರಿಕದ ನಿಲ್ದಾಣಗಳಲ್ಲಿ ವಿಮಾನ ಬದಲಿಸುವವರೂ ಅಲ್ಲಿನ ವಲಸೆ ತಪಾಸಣೆಯನ್ನು ಹಾದುಹೋಗಬೇಕು, ಆದ್ದರಿಂದ ಹಡಗು ಅಮೆರಿಕವನ್ನು ಮುಟ್ಟದಿದ್ದರೂ ಮರಳುವ ವಿಮಾನ ಅಲ್ಲಿ ನಿಂತರೆ ವೀಸಾ ಅಗತ್ಯವಿರುವವರಿಗೆ ಅದು ಬೇಕೇ ಬೇಕು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಕೂಟವಾದ ಷೆಂಗೆನ್ ವಲಯದ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ತೊಡಕಿದೆ. ಬಾರ್ಸಿಲೋನಾದಲ್ಲಿ ಹಡಗು ಹತ್ತಿ ಅಟ್ಲಾಂಟಿಕ್ ದಾಟಿದವರು ಷೆಂಗೆನ್ ವಲಯದಿಂದ ಹೊರಬಿದ್ದಂತೆ. ಮಯಾಮಿಯಿಂದ ಮರಳುವ ವಿಮಾನ ಯೂರೋಪಿನ ಎರಡು ಷೆಂಗೆನ್ ನಿಲ್ದಾಣಗಳಲ್ಲಿ ನಿಂತು ಹೋಗುವುದಾದರೆ, ಅವೆರಡರ ನಡುವಿನ ಹಾರಾಟಕ್ಕಾಗಿ ವಲಯದೊಳಗೆ ಮತ್ತೊಮ್ಮೆ ಪ್ರವೇಶಿಸಬೇಕಾಗುತ್ತದೆ. ಒಂದೇ ಪ್ರವೇಶದ ವೀಸಾ ಆಗ ಸಾಲದು. ಯಾನದ ನಡುವೆ ಮೊರಾಕೊದಂತಹ ದೇಶವನ್ನು ಮುಟ್ಟಿ ಮತ್ತೆ ಸ್ಪೇನಿನ ಬಂದರಿಗೆ ಬರುವ ಹಡಗಿಗೂ ಇದೇ ಮಾತು. ಟಿಕೆಟ್ ಕೊಳ್ಳುವ ಮೊದಲು ಪ್ರತಿ ನಿಲುಗಡೆಯನ್ನೂ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ನೋಡುವುದು ಅನಿವಾರ್ಯ. ಒಳ್ಳೆಯ ಏಜೆಂಟ್ ಇದನ್ನು ತಾನಾಗಿಯೇ ಮಾಡುತ್ತಾನೆ, ಜಾಲತಾಣಗಳು ಮಾಡುವುದಿಲ್ಲ.

ಯಾವಾಗ ಕೊಳ್ಳಬೇಕು ಎಂಬುದಕ್ಕೂ ಏಕಮುಖ ಯಾನದಲ್ಲಿ ಉತ್ತರ ಸ್ವಲ್ಪ ಬೇರೆ. ಕ್ರೂಸುಗಳ ಮಾರಾಟ ಒಂದೂವರೆ-ಎರಡು ವರ್ಷ ಮೊದಲೇ ಆರಂಭವಾದರೂ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ 330ರಿಂದ 360 ದಿನಗಳ ಆಚೆಗಿನ ಟಿಕೆಟ್ ಮಾರುವುದಿಲ್ಲ. ಮಲ್ಟಿ-ಸಿಟಿ ಟಿಕೆಟ್ ಒಂದೇ ಆಗಿರುವುದರಿಂದ ಮರಳುವ ದಿನಾಂಕವೂ ಆ ಅವಧಿಯೊಳಗೆ ಬರುವವರೆಗೆ ಕಾಯಬೇಕು. ಕಾಯುವುದರಿಂದ ನಷ್ಟವಿಲ್ಲ ಎಂಬುದು ನನ್ನ ಅನಿಸಿಕೆ, ಏಕೆಂದರೆ ಹಡಗಿನ ಮಾರ್ಗವೂ ಬದಲಾಗುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದ ನಂತರ ಸೂಯೆಜ್ ಮೂಲಕ ಸಾಗಬೇಕಿದ್ದ ಹಲವು ಯಾನಗಳು ಆಫ್ರಿಕಾವನ್ನು ಬಳಸಿ ಹೋದವು, ಕೆಲವು ರದ್ದಾದವು, ಕೆಲವು ಬೇರೆ ಬಂದರಿನಲ್ಲಿ ಮುಗಿದವು. ಇಂಥ ಬದಲಾವಣೆಯ ಹಕ್ಕನ್ನು ಕ್ರೂಸ್ ಕಂಪನಿಗಳು ತಮ್ಮ ಷರತ್ತುಗಳಲ್ಲಿ ಕಾಯ್ದಿರಿಸಿಕೊಂಡಿರುತ್ತವೆ. ಪ್ರಯಾಣಿಕ ತಾನೇ ಕೊಂಡ ವಿಮಾನದ ನಷ್ಟವನ್ನು ಅವು ಪೂರ್ತಿ ತುಂಬಿಕೊಡುತ್ತವೆ ಎಂದು ನಂಬಿ ಕೂರುವಂತಿಲ್ಲ. ಹಣ ಮರಳದ ಅತಿ ಅಗ್ಗದ ದರವನ್ನು ಇಲ್ಲಿ ಬಿಡಬೇಕು. ದಿನಾಂಕವನ್ನೂ ಹೊರಡುವ ನಗರವನ್ನೂ ಬದಲಿಸಲು ಬಿಡುವ ದರಕ್ಕೆ ಕೊಟ್ಟ ಹೆಚ್ಚಿನ ಹಣ ವಿಮೆಯಂತೆ ಕೆಲಸ ಮಾಡುತ್ತದೆ. ಅಮೆರಿಕಕ್ಕೆ ಹೋಗುವ ಅಥವಾ ಅಲ್ಲಿಂದ ಹೊರಡುವ ಟಿಕೆಟನ್ನು ವಿಮಾನ ಸಂಸ್ಥೆಯಿಂದಲೇ ನೇರವಾಗಿ, ಪ್ರಯಾಣಕ್ಕೆ ಏಳು ದಿನ ಅಥವಾ ಹೆಚ್ಚು ಮೊದಲು ಕೊಂಡರೆ, 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡುವ ಅಥವಾ ಹಣ ಕಟ್ಟದೆ ಅದೇ ದರವನ್ನು 24 ಗಂಟೆ ಹಿಡಿದಿಡುವ ಅವಕಾಶವಿದೆ. ಆ ಒಂದು ದಿನವನ್ನು ಬಂದರು, ದಿನಾಂಕ, ನಿಲುಗಡೆಗಳನ್ನು ಮತ್ತೆ ನೋಡಲು ಬಳಸಿಕೊಳ್ಳಬೇಕು.

ಒಟ್ಟಿನಲ್ಲಿ ನನ್ನ ಆಯ್ಕೆ ಹೀಗಿದೆ. ಎರಡೂ ತುದಿಗಳು ದೊಡ್ಡ ನಗರಗಳಾಗಿದ್ದರೆ ಗೂಗಲ್ ಫ್ಲೈಟ್ಸ್ ಅಥವಾ ಮ್ಯಾಟ್ರಿಕ್ಸ್‌ನಲ್ಲಿ ಹುಡುಕಿ ವಿಮಾನ ಸಂಸ್ಥೆಯ ಮಲ್ಟಿ-ಸಿಟಿ ಪುಟದಲ್ಲಿ ಕೊಳ್ಳುತ್ತೇನೆ. ಒಂದು ತುದಿ ಅಲಾಸ್ಕಾದಂತಹ ದೂರದ ಬಂದರಾದರೆ, ಅಥವಾ ಸಾರ್ವಜನಿಕ ದರ ವಿಪರೀತವಾಗಿ ಕಂಡರೆ, ಕ್ರೂಸ್ ಕಂಪನಿಯ ಸೇವೆಯ ದರವನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ. ಮಲ್ಟಿ-ಸಿಟಿ ಸಾಧನಗಳಲ್ಲಿ ನನ್ನನ್ನು ಇನ್ನೂ ಕಾಡುವ ಕೊರತೆಯೆಂದರೆ ದರದ ಕ್ಯಾಲೆಂಡರ್. ಸಾಮಾನ್ಯ ರಿಟರ್ನ್ ಹುಡುಕಾಟದಲ್ಲಿ ಯಾವ ದಿನ ಅಗ್ಗ ಎಂದು ತಿಂಗಳಿಡೀ ತೋರಿಸುವ ಗೂಗಲ್ ಫ್ಲೈಟ್ಸ್ ಮಲ್ಟಿ-ಸಿಟಿಯಲ್ಲಿ ಹಾಗೆ ತೋರಿಸುವುದಿಲ್ಲ. ಹಡಗಿನ ದಿನಾಂಕ ನಿಗದಿಯಾಗಿರುವವರಿಗೆ ಕ್ಯಾಲೆಂಡರ್ ಏಕೆ ಎಂದು ಕೇಳಬಹುದು. ಒಂದರಿಂದ ಮೂರು ದಿನ ಮೊದಲೇ ಹೋಗಿ, ಇಳಿದ ದಿನವೇ ಅಥವಾ ಎರಡು ದಿನದವರೆಗೆ ತಂಗಿ ಮರಳಲು ಸಿದ್ಧವಿರುವವರಿಗೆ ಒಂಬತ್ತು ಜೋಡಿ ದಿನಾಂಕಗಳಿವೆ, ಆ ಒಂಬತ್ತನ್ನೂ ಈಗ ಒಂದೊಂದಾಗಿ ಕೈಯಿಂದಲೇ ತುಂಬಿ ನೋಡಬೇಕಾಗಿದೆ.